96 ದಿನ ಎಣಿಸಲು ಹದಿನೈದು ವರ್ಷ ಬೇಕಿತ್ತೇ?

ಮಾನ್ಯ ಸಂಪಾದಕರೇ,

ತೆಲಂಗಾಣದ ವೇಮುಲವಾಡ ಕ್ಷೇತ್ರದಿಂದ ನಾಲ್ಕು ಸಲ ಗೆದ್ದಿದ್ದ ಚೆನ್ನಮನೇನಿ ರಮೇಶ್ ಅವರ ಭಾರತೀಯ ಪೌರತ್ವವನ್ನು ಕೇಂದ್ರ ಗೃಹ ಸಚಿವಾಲಯ ರದ್ದುಪಡಿಸಿದ್ದು ಸರಿ ಎಂದು ಅಲ್ಲಿನ ಹೈಕೋರ್ಟ್ 2024ರ ಡಿಸೆಂಬರ್ 9ರಂದು ತೀರ್ಪು ಕೊಟ್ಟಿತು. ರೂ. 30 ಲಕ್ಷ ತೆರಬೇಕು, ಅದರಲ್ಲಿ ರೂ. 25 ಲಕ್ಷ ಮೊದಲಿನಿಂದಲೂ ತಕರಾರು ಎತ್ತಿಕೊಂಡು ಬಂದ ಎದುರಾಳಿ ಆದಿ ಶ್ರೀನಿವಾಸ್ ಅವರಿಗೆ, ರೂ. 5 ಲಕ್ಷ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಎಂದೂ ಆದೇಶಿಸಿತು. ಇದು ಬಹುಮಟ್ಟಿಗೆ ರಾಜಕೀಯ ಸುದ್ದಿಯಾಗಿಯೇ ಬಂದು ಹೋಯಿತು. ಪೌರತ್ವದ ಅರ್ಜಿಗಳನ್ನು ಹತ್ತಿರದಿಂದ ಬಲ್ಲ ವಕೀಲರಾದ ನಮಗೆ ಅದರಲ್ಲಿ ಎದ್ದು ಕಂಡದ್ದು ಬೇರೆ. ಒಂದು ಪಾಸ್‌ಪೋರ್ಟ್, ಒಂದು ಕ್ಯಾಲೆಂಡರ್ ಮತ್ತು ಅರ್ಧ ಗಂಟೆ ಸಾಕಿದ್ದ ಲೆಕ್ಕವೊಂದನ್ನು ಪೌರತ್ವ ಕೊಡುವ ಮೊದಲು ಯಾರೂ ಮಾಡಲಿಲ್ಲ. ಕೊಟ್ಟ ಮೇಲೆ ಆ ಲೆಕ್ಕ ತೀರ್ಮಾನವಾಗಲು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಪ್ರಕರಣದ ಹುರುಳು ಇಷ್ಟು. ರಮೇಶ್ ಅವರು 1993ರಲ್ಲಿ ಜರ್ಮನಿಯ ಪೌರತ್ವ ಪಡೆದರು. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಪೌರತ್ವ ಕಾಯ್ದೆ 1955ರ ಸೆಕ್ಷನ್ 9ರ ಪ್ರಕಾರ ತಾನಾಗಿಯೇ ಕೊನೆಗೊಳ್ಳುತ್ತದೆ. ಮತ್ತೆ ಭಾರತೀಯರಾಗಲು ಅವರು 2008ರ ಮಾರ್ಚ್ 31ರಂದು ಸೆಕ್ಷನ್ 5(1)(ಎಫ್) ಅಡಿ ಅರ್ಜಿ ಹಾಕಿದರು. ಹಿಂದೆ ಸ್ವತಂತ್ರ ಭಾರತದ ಪೌರರಾಗಿದ್ದವರಿಗೆ, ಅಥವಾ ತಂದೆ ತಾಯಿಯಲ್ಲಿ ಒಬ್ಬರು ಹಾಗಿದ್ದವರಿಗೆ ಇರುವ ದಾರಿ ಅದು. ಮುಖ್ಯ ಷರತ್ತು: ಅರ್ಜಿ ಹಾಕುವುದಕ್ಕೆ ನೇರ ಹಿಂದಿನ ಒಂದು ವರ್ಷ ಭಾರತದಲ್ಲಿ ವಾಸವಿರಬೇಕು. 2009ರ ಫೆಬ್ರುವರಿ 3ರಂದು ಪೌರತ್ವ ಸಿಕ್ಕಿತು, ಅದೇ ವರ್ಷ ಅವರು ಶಾಸಕರೂ ಆದರು. ಆಮೇಲೆ ಕೇಂದ್ರ ನೇಮಿಸಿದ ವಿಚಾರಣಾ ಸಮಿತಿ ಕಂಡುಕೊಂಡದ್ದು, ಆ ಒಂದು ವರ್ಷದಲ್ಲಿ ಅವರು ಭಾರತದಲ್ಲಿದ್ದದ್ದು 96 ದಿನ ಮಾತ್ರ ಎಂದು. 2008 ಅಧಿಕ ವರ್ಷ, ಹಾಗಾಗಿ ಎಣಿಸಬೇಕಾದದ್ದು 366 ದಿನ. ಕೊರತೆ 270 ದಿನ. ಇದು ನಾಲ್ಕೈದು ದಿನದ ಆಚೀಚೆಯಲ್ಲ, ವರ್ಷದ ಮುಕ್ಕಾಲು ಪಾಲು.

ಮುಂದಿನದು ಕಡತದ ಅಲೆದಾಟ. ಗೃಹ ಸಚಿವಾಲಯ 2017ರ ಆಗಸ್ಟ್ 31ರಂದು ಪೌರತ್ವ ರದ್ದು ಮಾಡಿತು. ಪುನರ್‌ಪರಿಶೀಲನೆಯ ಅರ್ಜಿಯನ್ನು ಅದೇ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. 2019ರ ಜುಲೈನಲ್ಲಿ ಹೈಕೋರ್ಟ್ ಆ ಆದೇಶಗಳನ್ನು ಬದಿಗಿರಿಸಿ, ಸೆಕ್ಷನ್ 10(3)ರ, ಅಂದರೆ ಸಾರ್ವಜನಿಕ ಹಿತದ ದೃಷ್ಟಿಯಿಂದ ಮತ್ತೆ ಪರಿಶೀಲಿಸುವಂತೆ ಹೇಳಿತು. 2019ರ ನವೆಂಬರ್ 20ರಂದು ಸಚಿವಾಲಯ ಎರಡನೇ ಸಲ ರದ್ದು ಮಾಡಿತು, ಅದಕ್ಕೆ ತಡೆಯಾಜ್ಞೆ ಬಂತು. ಈ ನಡುವೆ 2009, 2010ರ ಉಪಚುನಾವಣೆ, 2014, 2018 ಹೀಗೆ ನಾಲ್ಕು ಚುನಾವಣೆ ಮುಗಿದವು. ತಾವು ಆರಿಸಿದವರು ಪೌರರೋ ಅಲ್ಲವೋ ಎಂಬ ಪ್ರಶ್ನೆಯನ್ನು ಒಂದು ಕ್ಷೇತ್ರದ ಮತದಾರರು ಇಷ್ಟು ವರ್ಷ ತಲೆಯ ಮೇಲೆ ಹೊತ್ತುಕೊಂಡಿದ್ದರು. ಇದು ಅವರಿಗೆ ಆದ ಅನ್ಯಾಯ.

ಈ ಪತ್ರ ಬರೆಯಲು ಇನ್ನೊಂದು ಕಾರಣ, "ಪೌರತ್ವ ರದ್ದು" ಎಂಬ ಮಾತನ್ನು ಈಗ ಎಲ್ಲದಕ್ಕೂ ಬಳಸುತ್ತಿರುವುದು. ಇದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಸೆಕ್ಷನ್ 9ರ ಅಡಿ ತಾನಾಗಿ ಹೋಗುವುದು ಒಂದು. ಅಮೆರಿಕದ ಪ್ರಮಾಣವಚನ ತೆಗೆದುಕೊಂಡ ದಿನವೇ ನಮ್ಮವರ ಭಾರತೀಯ ಪೌರತ್ವ ಮುಗಿಯುತ್ತದೆ, ಅದಕ್ಕೆ ಯಾರ ಆದೇಶವೂ ಬೇಕಿಲ್ಲ. ಒಬ್ಬ ವ್ಯಕ್ತಿ ಮೊದಲಿನಿಂದಲೂ ವಿದೇಶಿ ಎಂದು ಅಸ್ಸಾಮಿನಲ್ಲಿ ನಡೆಯುವಂತೆ ನ್ಯಾಯಮಂಡಳಿ ತೀರ್ಮಾನಿಸುವುದು ಇನ್ನೊಂದು. ಸರ್ಕಾರವೇ ಕೊಟ್ಟ ಪೌರತ್ವವನ್ನು ಸರ್ಕಾರವೇ ಹಿಂದಕ್ಕೆ ಪಡೆಯುವುದು ಮೂರನೆಯದು, ಅದು ಸೆಕ್ಷನ್ 10. ಹುಟ್ಟಿನಿಂದ ಪೌರರಾದವರಿಗೆ ಸೆಕ್ಷನ್ 10 ತಾಗುವುದೇ ಇಲ್ಲ. ಬೈಲುಕುಪ್ಪೆ, ಮುಂಡಗೋಡುಗಳ ಟಿಬೆಟನ್ ನೆಲೆಗಳಲ್ಲಿ 1950ರ ಜನವರಿ 26ರ ನಂತರ, 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರು ಜನ್ಮತಃ ಭಾರತೀಯರು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಇದನ್ನು ಎತ್ತಿಹಿಡಿದಿದೆ. ಅವರ ಪೌರತ್ವವನ್ನು ಸರ್ಕಾರ "ಕೊಟ್ಟದ್ದು" ಎಂದು ಭಾವಿಸಿ "ವಾಪಸ್ ತೆಗೆದುಕೊಳ್ಳಬಹುದು" ಎಂದು ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವವರು ಕಾಯ್ದೆಯನ್ನು ಓದಿಲ್ಲ.

ಸರ್ಕಾರ ಪೌರತ್ವ ಕೊಡುವುದು ಎರಡು ದಾರಿಯಲ್ಲಿ. ಸೆಕ್ಷನ್ 5ರದು ನೋಂದಣಿ. ಭಾರತೀಯ ಮೂಲದವರು, ಭಾರತೀಯರನ್ನು ಮದುವೆಯಾದವರು, ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಪಡೆದು 5 ವರ್ಷ ಆದವರು ಮುಂತಾದವರಿಗೆ ಅದು. ಸೆಕ್ಷನ್ 6ರದು ದೇಶೀಕರಣ, ಅಂಥ ನಂಟಿಲ್ಲದ ವಿದೇಶಿಯರಿಗೆ. ವಾಸದ ಲೆಕ್ಕ ಎರಡರಲ್ಲೂ ಇದೆ, ಪ್ರಮಾಣ ಬೇರೆ. ದೇಶೀಕರಣಕ್ಕೆ ಅರ್ಜಿಯ ನೇರ ಹಿಂದಿನ 12 ತಿಂಗಳು ಪೂರ್ತಿ ಇಲ್ಲಿರಬೇಕು, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಇದ್ದಿರಬೇಕು. 2019ರ ತಿದ್ದುಪಡಿಯಲ್ಲಿ ಹೆಸರಿಸಿದ ಸಮುದಾಯಗಳಿಗೆ ಈ 11 ಎಂಬುದು 5 ಆಗಿದೆ. ಮದುವೆಯ ಮೂಲಕ, ಅಥವಾ ಭಾರತೀಯ ಮೂಲದವರೆಂದು 5(1)(ಎ) ಅಡಿ ಬರುವವರಿಗೆ 12 ತಿಂಗಳು ಪೂರ್ತಿ, ಅದರ ಹಿಂದಿನ 8 ವರ್ಷಗಳಲ್ಲಿ 6 ವರ್ಷ. 5(1)(ಎಫ್) ಮತ್ತು ಒಸಿಐನವರ 5(1)(ಜಿ) ದಾರಿಗೆ 12 ತಿಂಗಳು. ದೇಶೀಕರಣಕ್ಕೆ ನಡತೆ ಒಳ್ಳೆಯದಿರಬೇಕು, ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಸಾಕಷ್ಟು ಬರಬೇಕು. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ನಮ್ಮಲ್ಲಿ ವರ್ಷಾನುಗಟ್ಟಲೆ ನೆಲೆಸಿ ಕನ್ನಡ ಕಲಿತ ವಿದೇಶಿಯರು ಹಿಂದಿಯ ಪ್ರಮಾಣಪತ್ರಕ್ಕಾಗಿ ಪರದಾಡಬೇಕಿಲ್ಲ.

ಈಗ ಸೆಕ್ಷನ್ 10ಕ್ಕೆ ಬರೋಣ. ಷರತ್ತು ಪೂರೈಸದಿದ್ದರೆ ಪೌರತ್ವ ಹೋಗುತ್ತದೆ ಎಂದು ಅದರಲ್ಲಿ ಎಲ್ಲೂ ನೇರವಾಗಿ ಬರೆದಿಲ್ಲ. 10(2)(ಎ) ಹೇಳುವುದು: ನೋಂದಣಿ ಅಥವಾ ದೇಶೀಕರಣದ ಪ್ರಮಾಣಪತ್ರವನ್ನು ವಂಚನೆಯಿಂದ, ಸುಳ್ಳು ನಿರೂಪಣೆಯಿಂದ ಅಥವಾ ಮಹತ್ವದ ಸಂಗತಿಯೊಂದನ್ನು ಮರೆಮಾಚಿ ಪಡೆದಿದ್ದರೆ ರದ್ದು ಮಾಡಬಹುದು. ಅಂದರೆ ದಿನ ಕಡಿಮೆ ಇದ್ದದ್ದು ಸಾಲದು, ಕಡಿಮೆ ಇದ್ದದ್ದನ್ನು ಅರ್ಜಿದಾರ ಮುಚ್ಚಿಟ್ಟಿರಬೇಕು. ರಮೇಶ್ ಪ್ರಕರಣ ನಿಂತದ್ದು ಇದೇ ಅಂಶದ ಮೇಲೆ. ಅರ್ಜಿಯ ಹಿಂದಿನ ವರ್ಷ ತಾನು ಇಲ್ಲಿರಲಿಲ್ಲ ಎಂಬ ಸಂಗತಿಯನ್ನು ಹೇಳಿದ್ದರೆ ಪೌರತ್ವ ಕೊಡುತ್ತಲೇ ಇರಲಿಲ್ಲ ಎಂಬುದು ಸಚಿವಾಲಯದ 2019ರ ಆದೇಶದ ತಿರುಳು. ಅರ್ಜಿದಾರ ತನ್ನ ಪ್ರಯಾಣಗಳನ್ನೆಲ್ಲ ಸರಿಯಾಗಿ ಬರೆದುಕೊಟ್ಟು, ಅಧಿಕಾರಿ ಕೂಡಿಸುವಾಗ ತಪ್ಪಿದ್ದರೆ ಅದನ್ನು ಮರೆಮಾಚುವಿಕೆ ಎನ್ನಲಾಗದು. ನಮ್ಮ ಕಾಯ್ದೆಯ ಈ ಸೂಕ್ಷ್ಮವನ್ನು ಉಳಿಸಿಕೊಳ್ಳಬೇಕು. ತಪ್ಪಿದವನನ್ನೂ ಮೋಸ ಮಾಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೋಸ ರುಜುವಾತಾದ ಮೇಲೂ ಕೆಲಸ ಮುಗಿಯುವುದಿಲ್ಲ. ಆ ವ್ಯಕ್ತಿ ಪೌರನಾಗಿ ಮುಂದುವರಿಯುವುದು ಸಾರ್ವಜನಿಕ ಹಿತಕ್ಕೆ ಪೂರಕವಲ್ಲ ಎಂದು ಕೇಂದ್ರಕ್ಕೆ ಮನವರಿಕೆಯಾಗಬೇಕು. ಅದೇ 10(3). 2017ರ ಆದೇಶ ಮುಗ್ಗರಿಸಿದ್ದು ಇಲ್ಲಿ. ಪೌರತ್ವ ಕೊಡುವಾಗ ಅಥವಾ ನಿರಾಕರಿಸುವಾಗ ಕಾರಣ ಕೊಡಬೇಕಿಲ್ಲ ಎಂದು ಸೆಕ್ಷನ್ 14 ಹೇಳುತ್ತದೆ. ಕಿತ್ತುಕೊಳ್ಳುವಾಗ ಹಾಗಿಲ್ಲ. ಯಾವ ಆಧಾರದ ಮೇಲೆ ಎಂದು ಲಿಖಿತ ನೋಟಿಸ್ ಕೊಡಬೇಕು. ಆ ವ್ಯಕ್ತಿ ಕೇಳಿದರೆ ಪ್ರಕರಣವನ್ನು ವಿಚಾರಣಾ ಸಮಿತಿಗೆ ಒಪ್ಪಿಸಲೇಬೇಕು. ಸಮಿತಿಯಲ್ಲಿ ಮೂವರು, ಅಧ್ಯಕ್ಷರು ಕನಿಷ್ಠ 10 ವರ್ಷ ನ್ಯಾಯಾಂಗ ಹುದ್ದೆಯಲ್ಲಿದ್ದವರು. ಅದರ ವರದಿಯನ್ನು ಸರ್ಕಾರ ಸಾಮಾನ್ಯವಾಗಿ ಅನುಸರಿಸಬೇಕು. ಕಾಯ್ದೆಯಲ್ಲಿ ಇಲ್ಲದೇ ಇರುವುದು ಕಾಲಮಿತಿ. ಸಮಿತಿ ಇಷ್ಟು ತಿಂಗಳಲ್ಲಿ ವರದಿ ಕೊಡಬೇಕು, ಸಚಿವಾಲಯ ಇಷ್ಟು ದಿನದಲ್ಲಿ ಆದೇಶ ಹೊರಡಿಸಬೇಕು ಎಂದು ಸೆಕ್ಷನ್ 10ರಲ್ಲಿ ಒಂದಕ್ಷರವೂ ಇಲ್ಲ. ಪೌರತ್ವ ಕೊಟ್ಟು ಎಷ್ಟು ವರ್ಷದೊಳಗೆ ಈ ಅಧಿಕಾರ ಬಳಸಬೇಕು ಎಂಬ ಗಡಿಯೂ ಇಲ್ಲ.

ಹೆಚ್ಚಿನವರು ಗಮನಿಸದ ಒಂದು ಅಂಶ: ಭಾರತೀಯ ಮೂಲದವರಾಗಿ ಏಳು ವರ್ಷದ ವಾಸ ತೋರಿಸಿ 5(1)(ಎ) ಅಡಿ ನೋಂದಾಯಿಸಿಕೊಂಡವರನ್ನು ಸೆಕ್ಷನ್ 10ರ ವ್ಯಾಪ್ತಿಯಿಂದ ಕಾಯ್ದೆಯೇ ಹೊರಗಿಟ್ಟಿದೆ. 5(1)(ಎಫ್) ಅಥವಾ 5(1)(ಜಿ) ಅಡಿ ಬಂದವರು ಒಳಗಿದ್ದಾರೆ. ಒಂದೇ ಮನೆಯ ಅಣ್ಣ ತಮ್ಮಂದಿರು ಎರಡು ದಾರಿಯಲ್ಲಿ ಪೌರರಾಗಿದ್ದರೆ ಇಬ್ಬರಿಗೂ ಕಾನೂನಿನ ರಕ್ಷಣೆ ಒಂದೇ ಅಲ್ಲ. ಅರ್ಜಿ ಹಾಕುವ ಮೊದಲು ತಮಗೆ ಯಾವ ಯಾವ ಉಪವಿಧಿ ತೆರೆದಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. 12 ತಿಂಗಳ ದಾರಿ ಗಿಡ್ಡ ಎಂದು ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ.

ಅಮೆರಿಕದ ಕಾನೂನು ಈ ವಿಷಯದಲ್ಲಿ ನಮ್ಮದಕ್ಕಿಂತ ಬಿಗಿ. ಮಕ್ಕಳು ಅಲ್ಲಿ ಪೌರರಾಗುತ್ತಿರುವ ಕನ್ನಡ ಕುಟುಂಬಗಳು ಇದನ್ನು ತಿಳಿದಿರಬೇಕು. ಅಲ್ಲಿ ಪೌರತ್ವ ರದ್ದಿಗೆ ಎರಡು ಆಧಾರ. ಉದ್ದೇಶಪೂರ್ವಕ ಸುಳ್ಳು ಅಥವಾ ಮರೆಮಾಚುವಿಕೆ ಒಂದು, "ಕಾನೂನುಬಾಹಿರವಾಗಿ ಪಡೆದದ್ದು" ಎಂಬುದು ಇನ್ನೊಂದು. ಎರಡನೆಯದಕ್ಕೆ ಸುಳ್ಳು ಹೇಳಿರಬೇಕಿಲ್ಲ, ಷರತ್ತು ಪೂರೈಸಿರಲಿಲ್ಲ ಎಂದರೆ ಸಾಕು. ಗ್ರೀನ್ ಕಾರ್ಡ್ ಸಿಕ್ಕಿ 5 ವರ್ಷ (ಅಲ್ಲಿನ ಪೌರರ ಸಂಗಾತಿಯಾಗಿದ್ದರೆ 3 ವರ್ಷ) ಆಗಿರಬೇಕು, ಆ 5 ವರ್ಷದಲ್ಲಿ ಕನಿಷ್ಠ 30 ತಿಂಗಳು ದೈಹಿಕವಾಗಿ ಅಲ್ಲಿರಬೇಕು. ಒಮ್ಮೆಗೆ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸದ ಸರಣಿ ಕಡಿದಂತೆ ಎಂದು ಭಾವಿಸಲಾಗುತ್ತದೆ, ಕಡಿದಿಲ್ಲವೆಂದು ಅರ್ಜಿದಾರನೇ ತೋರಿಸಬೇಕು. ಎನ್-400 ಎಂಬ ಪೌರತ್ವದ ಅರ್ಜಿಯಲ್ಲಿ 24 ಗಂಟೆ ಮೀರಿದ ಪ್ರತಿ ವಿದೇಶ ಪ್ರಯಾಣವನ್ನೂ ಬರೆಯಬೇಕು. ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಬಂದು ಏಳು ತಿಂಗಳು ಉಳಿದವರು ಅದನ್ನು "ಆರು ತಿಂಗಳೊಳಗೆ" ಎಂದು ತೋರಿಸುವ ಆಸೆಗೆ ಬಿದ್ದರೆ, ಸರಿಪಡಿಸಬಹುದಾಗಿದ್ದ ಕೊರತೆಯೊಂದು ಸುಳ್ಳಾಗಿ ಬದಲಾಗುತ್ತದೆ. 2025ರ ಜೂನ್ 11ರಂದು ಅಲ್ಲಿನ ನ್ಯಾಯ ಇಲಾಖೆಯ ಸಿವಿಲ್ ವಿಭಾಗ ಹೊರಡಿಸಿದ ಸೂಚನೆಯಲ್ಲಿ ಪೌರತ್ವ ರದ್ದತಿಯ ದಾವೆಗಳನ್ನು ಆದ್ಯತೆಯ ಪಟ್ಟಿಗೆ ಸೇರಿಸಲಾಗಿದೆ. ಇಂಥ ದಾವೆಗೆ ಅಲ್ಲೂ ಕಾಲಮಿತಿ ಇಲ್ಲ. ರದ್ದಾದರೆ ಕೊಟ್ಟ ದಿನದಿಂದಲೇ ಕೊಟ್ಟಿರಲಿಲ್ಲ ಎಂದಾಗುತ್ತದೆ. ಆದರೆ ಅದು ಸಚಿವಾಲಯದ ಮೇಜಿನ ಮೇಲೆ ಆಗುವ ಕೆಲಸವಲ್ಲ. ಸರ್ಕಾರ ಜಿಲ್ಲಾ ಫೆಡರಲ್ ನ್ಯಾಯಾಲಯಕ್ಕೆ ಹೋಗಿ, ಅನುಮಾನಕ್ಕೆ ಎಡೆಯಿಲ್ಲದ ಸ್ಪಷ್ಟ ಸಾಕ್ಷ್ಯ ಒದಗಿಸಬೇಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ಪೌರತ್ವ ಕಳೆಯಬೇಕಾದರೆ, ಹೇಳಿದ ಸುಳ್ಳು ಪೌರತ್ವ ಸಿಗಲು ಏನಾದರೂ ಪಾತ್ರ ವಹಿಸಿರಬೇಕು ಎಂದು 2017ರ ಮಸ್ಲೆಂಜಾಕ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ.

"ಷರತ್ತು ಪೂರೈಸಿರಲಿಲ್ಲ" ಎಂಬ ಆಯುಧವನ್ನು ಯಾವ ದಿಕ್ಕಿಗೆ ಬೇಕಾದರೂ ಬೀಸಬಹುದು. ಅಮೆರಿಕದಲ್ಲಿ ಇದರ ಪೆಟ್ಟು ಉಂಡವರಲ್ಲಿ ಭಾರತೀಯರೂ ಇದ್ದಾರೆ. ಬಿಳಿಯರು ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಎಂಬ ಕಾಲದಲ್ಲಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ 1920ರಲ್ಲಿ ಪೌರರಾದರು. 1923ರಲ್ಲಿ ಸುಪ್ರೀಂ ಕೋರ್ಟ್ ಅವರು "ಬಿಳಿಯ" ಅಲ್ಲ ಎಂದಿತು. ಅದರ ಬೆನ್ನಿಗೇ ಸರ್ಕಾರ ಇತರ ಭಾರತೀಯರ ಮೇಲೂ ದಾವೆ ಹೂಡುತ್ತ ಹೋಯಿತು. ಹಾಗೆ ಪೌರತ್ವ ಕಳೆದುಕೊಂಡ ಸ್ಯಾನ್ ಫ್ರಾನ್ಸಿಸ್ಕೊದ ವರ್ತಕ ವೈಷ್ಣೋದಾಸ್ ಬಗಾಯ್ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ತಡೆದು ನಿಂತವರು ಲಾಸ್ ಏಂಜಲೀಸ್‌ನಲ್ಲಿ ವಕೀಲರಾಗಿದ್ದ ಸಖಾರಾಮ್ ಗಣೇಶ್ ಪಂಡಿತ್. ಅವರು ಗೆದ್ದ ವಾದ ನಮ್ಮ ಈ ಪತ್ರಕ್ಕೂ ಸಲ್ಲುತ್ತದೆ: 1914ರಲ್ಲಿ ನನಗೆ ಪೌರತ್ವ ಕೊಡುವಾಗಲೇ ಸರ್ಕಾರ ಈ ಪ್ರಶ್ನೆ ಎತ್ತಿತ್ತು, ನ್ಯಾಯಾಲಯ ಆಗಲೇ ತೀರ್ಮಾನಿಸಿತ್ತು, ಈಗ ಮತ್ತೆ ಕೆದಕುವಂತಿಲ್ಲ. ಮೇಲ್ಮನವಿ ನ್ಯಾಯಾಲಯ 1926ರಲ್ಲಿ ಒಪ್ಪಿತು. ಪರಿಶೀಲನೆ ಬಾಗಿಲಲ್ಲೇ ಆಗಿದ್ದರಿಂದ ಅವರ ಪೌರತ್ವ ಉಳಿಯಿತು.

ನಮ್ಮ ಜಿಲ್ಲಾಧಿಕಾರಿ ಕಚೇರಿಗಳ ಬಾಗಿಲಲ್ಲಿ ಆಗಬೇಕಾದದ್ದು ಇದೇ ಕೆಲಸ. ಅರ್ಜಿ ಆನ್‌ಲೈನ್‌ನಲ್ಲಿ ತುಂಬಿ, ಮುದ್ರಿತ ಪ್ರತಿ ಮತ್ತು ದಾಖಲೆಗಳು ಜಿಲ್ಲಾಧಿಕಾರಿಗೆ ಹೋಗುತ್ತವೆ. ಅವರು 60 ದಿನದೊಳಗೆ ವರದಿಯೊಂದಿಗೆ ರಾಜ್ಯ ಸರ್ಕಾರಕ್ಕೆ, ರಾಜ್ಯ 30 ದಿನದೊಳಗೆ ಕೇಂದ್ರಕ್ಕೆ ಕಳಿಸಬೇಕು ಎಂಬುದು 2009ರ ನಿಯಮ. ಪೊಲೀಸ್ ವಿಚಾರಣೆ ಎಂದರೆ ನೆರೆಯವರನ್ನು ಕೇಳುವುದು, ಬಾಡಿಗೆ ಕರಾರು ನೋಡುವುದು, "ಈ ವಿಳಾಸದಲ್ಲಿ ವಾಸವಿದ್ದಾರೆ" ಎಂದು ಬರೆಯುವುದು. ವಿಳಾಸ ಇರುವುದು ಬೇರೆ, ವಾಸ ಇರುವುದು ಬೇರೆ. ಜಯನಗರದಲ್ಲಿ ಸ್ವಂತ ಮನೆ, ಆಧಾರ್, ವಿದ್ಯುತ್ ಬಿಲ್ ಎಲ್ಲ ಇಟ್ಟುಕೊಂಡು ವರ್ಷದಲ್ಲಿ ಎಂಟು ತಿಂಗಳು ಹೊರದೇಶದಲ್ಲಿರುವುದು ಯಾರಿಗೂ ಕಷ್ಟವಲ್ಲ. ದಿನದ ಸತ್ಯ ಇರುವುದು ಎರಡೇ ಕಡೆ: ಪಾಸ್‌ಪೋರ್ಟಿನ ಸೀಲುಗಳಲ್ಲಿ, ವಲಸೆ ಬ್ಯೂರೋದ ಆಗಮನ ನಿರ್ಗಮನ ದಾಖಲೆಯಲ್ಲಿ. ಒಸಿಐ ಕಾರ್ಡಿನವರು ಎಷ್ಟು ದಿನ ಇದ್ದರೂ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಾಯಿಸಬೇಕಿಲ್ಲ. ಹಾಗಾಗಿ ಅವರ ವಿಷಯದಲ್ಲಿ ಈ ಎರಡಕ್ಕೇ ಹೆಚ್ಚು ತೂಕ.

ಲೆಕ್ಕ ಎಲ್ಲಿ ಎಡವುತ್ತದೆ ಎಂಬುದಕ್ಕೆ ಒಂದು ಮಾದರಿ ನೋಡಿ. ನಿವೃತ್ತರಾಗಿ ಮೈಸೂರಿಗೆ ಮರಳಿದ ಒಸಿಐ ಮಹಿಳೆಯೊಬ್ಬರು 2025ರ ಜುಲೈ 1ರಂದು ಅರ್ಜಿ ಹಾಕುತ್ತಾರೆ ಎಂದುಕೊಳ್ಳಿ. ನೋಡಬೇಕಾದ ಅವಧಿ 2024ರ ಜುಲೈ 1ರಿಂದ 2025ರ ಜೂನ್ 30, ಒಟ್ಟು 365 ದಿನ. ಮಗಳ ಬಾಣಂತನಕ್ಕೆಂದು ಅವರು 2024ರ ಡಿಸೆಂಬರ್ 10ರಂದು ಹೊರಟು 2025ರ ಫೆಬ್ರುವರಿ 5ರಂದು ಬಂದಿಳಿದಿದ್ದಾರೆ. ಹೋದ ದಿನ, ಬಂದ ದಿನ ಬಿಟ್ಟರೂ ಡಿಸೆಂಬರ್‌ನಲ್ಲಿ 21, ಜನವರಿಯಲ್ಲಿ 31, ಫೆಬ್ರುವರಿಯಲ್ಲಿ 4, ಒಟ್ಟು 56 ದಿನ ಹೊರಗೆ. 2015ರ ತಿದ್ದುಪಡಿಯಲ್ಲಿ ಬಂದ ಸಡಿಲಿಕೆ ಗರಿಷ್ಠ 30 ದಿನ. ಅದೂ ವಿಶೇಷ ಸಂದರ್ಭವೆಂದು ಕೇಂದ್ರಕ್ಕೆ ಮನವರಿಕೆಯಾಗಿ, ಕಾರಣವನ್ನು ಲಿಖಿತವಾಗಿ ದಾಖಲಿಸಿ ಕೊಡುವಂಥದ್ದು, ಕೇಳಿದವರಿಗೆಲ್ಲ ಸಿಗುವ ರಜೆಯಲ್ಲ. ಆದ್ದರಿಂದ ಜುಲೈ 1ರ ಅರ್ಜಿ ನಿಲ್ಲುವುದಿಲ್ಲ. ಸಡಿಲಿಕೆ ಸಿಗುತ್ತದೆಂದು ನಂಬಿದರೂ 2026ರ ಜನವರಿ 6ಕ್ಕೆ ಮೊದಲು ಹಾಕುವಂತಿಲ್ಲ, ಅಂದು ಹಾಕಿದರೆ ಹಿಂದಿನ 12 ತಿಂಗಳಲ್ಲಿ ಹೊರಗಿದ್ದದ್ದು ಸರಿಯಾಗಿ 30 ದಿನ. ಸಡಿಲಿಕೆಯ ಹಂಗೇ ಬೇಡವೆಂದರೆ 2026ರ ಫೆಬ್ರುವರಿ 5. ಬಂದಿಳಿದ ದಿನವನ್ನು ಯಾರಾದರೂ ಬೇರೆ ರೀತಿ ಎಣಿಸಿಯಾರು ಎಂದು ಇನ್ನೊಂದು ವಾರ ತಾಳಿದರೆ ನಷ್ಟವೇನಿಲ್ಲ. ನಡುವೆ ಸಿಂಗಪುರಕ್ಕೆ ನಾಲ್ಕು ದಿನ ಹೋಗಿಬಂದಿದ್ದರೆ ಅದೂ ಸೇರುತ್ತದೆ. ಸಾಮಾನ್ಯವಾಗಿ ಮರೆತುಹೋಗುವುದು ಇಂಥ ಸಣ್ಣ ಪ್ರಯಾಣಗಳೇ.

ಇನ್ನೂ ಕೆಲವು ಕಡೆ ಕಾಲು ಜಾರುತ್ತದೆ. ಪಾಸ್‌ಪೋರ್ಟ್ ನವೀಕರಿಸಿದಾಗ ಹಳೆಯದನ್ನು ಎಲ್ಲೋ ಇಟ್ಟು, ಹೊಸದರ ಸೀಲುಗಳನ್ನಷ್ಟೇ ನೋಡಿ ತುಂಬುತ್ತಾರೆ. ಆನ್‌ಲೈನ್ ಸಲ್ಲಿಕೆಯ ದಿನಕ್ಕೂ ಕಚೇರಿಯಲ್ಲಿ ಕಾಗದ ಕೊಟ್ಟ ದಿನಕ್ಕೂ ನಡುವೆ ವಾರಗಳ ಅಂತರ ಬೀಳುತ್ತದೆ. ಎರಡೂ ದಿನಾಂಕಗಳಿಂದ ಹಿಂದಕ್ಕೆ ಎಣಿಸಿ, ಎರಡರಲ್ಲೂ ಲೆಕ್ಕ ಸರಿಹೋಗುವಂತೆ ನೋಡಿಕೊಳ್ಳಬೇಕು. ವಿಮಾನ ನಿಲ್ದಾಣದ ಇ-ಗೇಟ್ ಬಳಸುವವರು ಬೋರ್ಡಿಂಗ್ ಪಾಸ್ ಮತ್ತು ಟಿಕೆಟನ್ನು ಜೋಪಾನವಾಗಿಡಬೇಕು, ಸೀಲು ಇಲ್ಲದ ಪ್ರಯಾಣಕ್ಕೆ ಅವೇ ಕೈಯಲ್ಲಿರುವ ಪುರಾವೆ. ಅರ್ಜಿಯನ್ನು ಏಜೆಂಟರ ಕೈಗೆ ಕೊಟ್ಟು ಕೊನೆಯ ಪುಟಕ್ಕೆ ಸಹಿ ಹಾಕುವವರಿಗೂ ಒಂದು ಮಾತು. ತುಂಬಿದವರು ಯಾರೇ ಆಗಲಿ, ಸುಳ್ಳೆಂದು ಗೊತ್ತಿದ್ದೂ ಮಾಡಿದ ನಿರೂಪಣೆಗೆ ಸೆಕ್ಷನ್ 17ರ ಪ್ರಕಾರ 5 ವರ್ಷದವರೆಗೆ ಸೆರೆವಾಸ, ರೂ. 50 ಸಾವಿರದವರೆಗೆ ದಂಡ ಅಥವಾ ಎರಡೂ ಇದೆ. ಸಹಿ ನಿಮ್ಮದು.

ಪೌರತ್ವ ಬಂದ ಮೇಲೂ ಎಚ್ಚರ ತಪ್ಪಬಾರದ ಒಂದು ವಿಧಿ ಇದೆ, 10(2)(ಇ). ನೋಂದಣಿ ಅಥವಾ ದೇಶೀಕರಣದಿಂದ ಪೌರರಾದವರು ಸತತ 7 ವರ್ಷ ವಿದೇಶದಲ್ಲಿ ವಾಸವಿದ್ದು, ಆ ಅವಧಿಯಲ್ಲಿ ಅಲ್ಲಿ ವಿದ್ಯಾರ್ಥಿಯೂ ಆಗಿರದೆ, ಭಾರತ ಸರ್ಕಾರದ ಅಥವಾ ಭಾರತ ಸದಸ್ಯನಾಗಿರುವ ಅಂತರರಾಷ್ಟ್ರೀಯ ಸಂಸ್ಥೆಯ ನೌಕರಿಯಲ್ಲೂ ಇರದೆ, ಪೌರತ್ವ ಉಳಿಸಿಕೊಳ್ಳುವ ಇಚ್ಛೆಯನ್ನು ಪ್ರತಿ ವರ್ಷ ಭಾರತೀಯ ದೂತಾವಾಸದಲ್ಲಿ ನೋಂದಾಯಿಸದೆ ಇದ್ದರೆ ಪೌರತ್ವ ರದ್ದಾಗಬಹುದು. ಭಾರತೀಯನನ್ನು ಮದುವೆಯಾಗಿ ಪೌರಳಾದ ವಿದೇಶಿ ಸೊಸೆ ಗಂಡನ ಕೆಲಸಕ್ಕಾಗಿ ದುಬೈಗೆ ಹೋಗಿ ಎಂಟು ವರ್ಷ ಇದ್ದರೆ ಗಂಡನಿಗೆ ಏನೂ ಆಗದು, ಅವಳಿಗೆ ಆಗಬಹುದು. ಈ ಆಧಾರದ ಮೇಲೆ ನೋಟಿಸ್ ಬಂದರೆ ವಿಚಾರಣಾ ಸಮಿತಿಯನ್ನು ಕೇಳುವ ಹಕ್ಕೂ ಇಲ್ಲ. ವರ್ಷಕ್ಕೊಂದು ಸಲ ದೂತಾವಾಸಕ್ಕೆ ಹೋಗಿ ನೋಂದಾಯಿಸಿ, ಸ್ವೀಕೃತಿಯನ್ನು ಕಡತದಲ್ಲಿಡುವುದು ಸಣ್ಣ ಕೆಲಸ.

ನೋಟಿಸ್ ಬಂದವರು ಮಾಡುವ ದೊಡ್ಡ ತಪ್ಪು ಮನವಿಪತ್ರ ಬರೆದು ಸುಮ್ಮನಾಗುವುದು. ಸಮಿತಿಗೆ ಒಪ್ಪಿಸಿ ಎಂದು ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ಲಿಖಿತವಾಗಿ ಕೇಳಬೇಕು. ತಮ್ಮ ಅರ್ಜಿಯ ಪ್ರತಿ, ಎಲ್ಲ ಪಾಸ್‌ಪೋರ್ಟ್‌ಗಳ ಎಲ್ಲ ಪುಟಗಳ ಪ್ರತಿ, ದಿನದ ಲೆಕ್ಕ ಹಾಜರುಪಡಿಸಬೇಕು. ರದ್ದತಿಯ ಆದೇಶ ಬಂದೇಬಿಟ್ಟರೆ ಸೆಕ್ಷನ್ 15ಎ ಅಡಿ ಪುನರ್‌ಪರಿಶೀಲನೆಗೆ ಇರುವುದು 30 ದಿನ. ಆಮೇಲೆ ಹೈಕೋರ್ಟ್. ರದ್ದಾದ ದಿನ ಮತದಾರರ ಪಟ್ಟಿಯ ಹೆಸರು, ಪಾಸ್‌ಪೋರ್ಟ್, ಚುನಾಯಿತ ಸ್ಥಾನ ಎಲ್ಲಕ್ಕೂ ಬುಡ ಅಲ್ಲಾಡುತ್ತದೆ. ಹಳೆಯ ದೇಶದ ಪೌರತ್ವವನ್ನು ಪ್ರಾಮಾಣಿಕವಾಗಿ ಬಿಟ್ಟುಕೊಟ್ಟು ಬಂದವರ ಸ್ಥಿತಿ ಇನ್ನೂ ಕಷ್ಟ, ಅವರು ಯಾವ ದೇಶಕ್ಕೂ ಸೇರದವರಾಗುತ್ತಾರೆ. ರಾಷ್ಟ್ರರಹಿತರ ಕುರಿತ 1954 ಮತ್ತು 1961ರ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಭಾರತ ಸಹಿ ಹಾಕಿಲ್ಲ. ವಂಚನೆಯಿಂದ ಪಡೆದ ಪೌರತ್ವವನ್ನು ಕಸಿಯಲು 1961ರ ಒಪ್ಪಂದವೂ ಅವಕಾಶ ಕೊಡುತ್ತದೆ. ರಮೇಶ್ ಪ್ರಕರಣದಲ್ಲಿ ಈ ಇಕ್ಕಟ್ಟು ಬರಲಿಲ್ಲ. ತಾವು ಇನ್ನು ಜರ್ಮನಿಯ ಪೌರರಲ್ಲ ಎಂದು ತೋರಿಸುವ ಆ ದೇಶದ ದೂತಾವಾಸದ ದಾಖಲೆಯನ್ನು ಅವರು ಒದಗಿಸಲಿಲ್ಲ ಎಂದು ಹೈಕೋರ್ಟ್ ಗಮನಿಸಿತು. ಎಲ್ಲರ ಕಥೆ ಹಾಗಿರುವುದಿಲ್ಲ.

ಆದ್ದರಿಂದ ಗೃಹ ಸಚಿವಾಲಯದ ಮುಂದೆ, ಅಷ್ಟೇ ಗಟ್ಟಿಯಾಗಿ ನಮ್ಮ ರಾಜ್ಯದ ಜಿಲ್ಲಾಧಿಕಾರಿಗಳ ಮುಂದೆ ನಾವು ಇಡುವ ಬೇಡಿಕೆ ಸರಳವಾದದ್ದು. ಸೆಕ್ಷನ್ 5 ಮತ್ತು 6ರ ಪ್ರತಿ ಅರ್ಜಿಯ ಜೊತೆ ಒಂದು ಪುಟದ ದಿನಪಟ್ಟಿ ಕಡ್ಡಾಯವಾಗಲಿ. ಎಡಗಡೆ ಅರ್ಜಿದಾರರು ಬರೆದ ಹೋದ ದಿನ, ಬಂದ ದಿನ, ಯಾವ ವಿಮಾನ ನಿಲ್ದಾಣ, ಯಾವ ಪಾಸ್‌ಪೋರ್ಟ್ ಎಂಬುದು. ಬಲಗಡೆ ವಲಸೆ ಬ್ಯೂರೋದಿಂದ ತರಿಸಿದ ದಾಖಲೆಯ ಅದೇ ದಿನಗಳು. ಕೆಳಗೆ ಒಟ್ಟು ದಿನ, ಬೇಕಾದ ದಿನ, ವ್ಯತ್ಯಾಸ. ಎಣಿಸಿದ ಅಧಿಕಾರಿಯ ಹೆಸರು, ಸಹಿ, ದಿನಾಂಕ. ವ್ಯತ್ಯಾಸ ಕಂಡರೆ ಅರ್ಜಿದಾರರನ್ನು ಕರೆದು ಕೇಳಲಿ. ದಿನ ಕಡಿಮೆಯಿದ್ದರೆ "ಇಂಥ ದಿನಾಂಕದ ನಂತರ ಮತ್ತೆ ಹಾಕಿ" ಎಂದು ಬರೆದು ಹಿಂದಿರುಗಿಸಲಿ. ಒಂದು ಪ್ರತಿ ಕಡತದಲ್ಲಿ, ಒಂದು ಅರ್ಜಿದಾರರ ಕೈಯಲ್ಲಿ ಇರಲಿ. ಮುಂದೆ ಯಾರಾದರೂ ತಕರಾರು ತೆಗೆದರೆ ಮರೆಮಾಚಿದ್ದು ಯಾರು, ಎಣಿಸದೆ ಬಿಟ್ಟದ್ದು ಯಾರು ಎಂಬುದು ಆ ಹಾಳೆಯಲ್ಲೇ ಗೊತ್ತಾಗುತ್ತದೆ. ಸೆಕ್ಷನ್ 10ರ ವಿಚಾರಣಾ ಸಮಿತಿಗೆ 6 ತಿಂಗಳು, ಅದರ ವರದಿ ಬಂದ ಮೇಲೆ ಆದೇಶಕ್ಕೆ 3 ತಿಂಗಳು ಎಂಬ ಮಿತಿಯನ್ನೂ ನಿಯಮಗಳಲ್ಲಿ ಸೇರಿಸಲಿ. ಕಾಯ್ದೆಯ ತಿದ್ದುಪಡಿಗೆ ಸಂಸತ್ತಿನ ದಾರಿ ಕಾಯಬೇಕಾಗಬಹುದು. ದಿನಪಟ್ಟಿಗೆ ಸಚಿವಾಲಯದ ಒಂದು ಸುತ್ತೋಲೆ ಸಾಕು.

— ಪೌರತ್ವ ಮತ್ತು ವಲಸೆ ಕಾನೂನಿನ ಇಬ್ಬರು ವಕೀಲರು, ಬೆಂಗಳೂರು